ಜಾನ್ ಸಿಪೊಲಿನಾನ ನಾದ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಎಸ್‌ಜಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರಾಕ್ ಗಿಟಾರ್ ವಾದಕ ಸಿಪೊಲಿನಾನ ನಾದ ಬರಬೇಕಾದರೆ ನಾದ ಬದಲಿಸುವ ಯಾವ ಪೆಡಲ್ ಕೊಳ್ಳಬೇಕು ಅಂತ ಕೇಳಿದ್ದೀಯಲ್ಲ, ಪೆಡಲ್ ಬೇಡ. ಒಂದು ಸ್ಟೀರಿಯೋ ಜ್ಯಾಕ್, ಒಂದಿಷ್ಟು ವೈರು, ಎರಡು ಆಂಪ್ (ಆಂಪ್ಲಿಫೈಯರ್) ಮತ್ತು ಹದವಾಗಿ ಕೂರಿಸಿದ ಬಿಗ್ಸ್‌ಬಿ, ಅಂದರೆ ತಂತಿಗಳ ಬಿಗಿತ ಬದಲಿಸಿ ಸ್ವರ ನಡುಗಿಸುವ ಹಿಡಿ, ಬೇಕು. ಆತ ಬಿಟ್ಟುಹೋದ ಆಸ್ತಿ ಇರುವುದೇ ಅಲ್ಲಿ.

ಜಾನ್ ಸಿಪೊಲಿನಾ ತೀರಿಕೊಂಡಿದ್ದು 1989ರ ಮೇ 29ರಂದು, 45ನೇ ವಯಸ್ಸಿಗೆ. ಹುಟ್ಟಿನಿಂದಲೇ ಇದ್ದ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ಶ್ವಾಸಕೋಶವನ್ನು ಹಾಳುಮಾಡಿತ್ತು, ಸಿಗರೇಟು ಅದನ್ನು ಇನ್ನಷ್ಟು ಕೆಡಿಸಿತು. ಅರವತ್ತರ ದಶಕದ ಸ್ಯಾನ್ ಫ್ರಾನ್ಸಿಸ್ಕೋ ಅಂದರೆ ಜನ ಗ್ರೇಟ್‌ಫುಲ್ ಡೆಡ್, ಜೆಫರ್ಸನ್ ಏರ್‌ಪ್ಲೇನ್ ಎಂಬ ರಾಕ್ ತಂಡಗಳ ಹೆಸರು ಹೇಳಿ ಮುಂದೆ ಹೋಗಿಬಿಡುತ್ತಾರೆ. ಆತನ ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್ ತಂಡದ ಹೆಸರು ಅಲ್ಲಿ ಬರುವುದು ಕಡಿಮೆ. ಅದು ಅನ್ಯಾಯ.

ಆತನ ವೇದಿಕೆಯ ಆಂಪ್ ಗೋಪುರ ಈಗ ಕ್ಲೀವ್‌ಲ್ಯಾಂಡಿನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನಲ್ಲಿದೆ. ಕೆಳಗೆ ಎರಡು ಸ್ಟ್ಯಾಂಡೆಲ್ ಬೇಸ್ ಆಂಪ್, ಒಂದೊಂದರಲ್ಲೂ ಎರಡು 15 ಇಂಚಿನ ಸ್ಪೀಕರ್. ಅವು ಟ್ರಾನ್ಸಿಸ್ಟರ್ ಆಂಪ್‌ಗಳು. ಮೇಲೆ ವಾಲ್ವ್ ಆಂಪ್‌ಗಳಾದ ಫೆಂಡರ್ ಟ್ವಿನ್ ರಿವರ್ಬ್ ಮತ್ತು ಡ್ಯೂಯಲ್ ಶೋಮ್ಯಾನ್. ತುತ್ತತುದಿಯಲ್ಲಿ ಆರು ವುರ್ಲಿಟ್ಜರ್ ಹಾರ್ನ್‌ಗಳು, ಅಂದರೆ ತಾರಸ್ವರ ಹೊರಡಿಸುವ ಕಹಳೆಯಾಕಾರದ ಸ್ಪೀಕರ್‌ಗಳು. ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಎರಡು ಪಿಕಪ್‌ಗಳು ಗಿಟಾರಿನಲ್ಲಿರುತ್ತವೆ; ಅವುಗಳಲ್ಲಿ ಒಂದರ ಸಿಗ್ನಲ್ ಕೆಳಗಿನ ಬೇಸ್ ಆಂಪ್‌ಗಳಿಗೆ, ಇನ್ನೊಂದರದು ಮೇಲಿನ ಫೆಂಡರ್‌ಗಳಿಗೆ. ಮಂದ್ರಕ್ಕೊಂದು ದಾರಿ, ತಾರಕ್ಕೊಂದು ದಾರಿ.

ಯಾಕೆ ಹೀಗೆ? ವಾಲ್ವ್ ಆಂಪನ್ನು ಜೋರಾಗಿ ದುಡಿಸಿದಾಗ ಮಂದ್ರದ ದಪ್ಪ ತಂತಿಗಳು ಅದರ ಶಕ್ತಿಯನ್ನೆಲ್ಲ ಹೀರಿ ಕಲಸಿಹೋಗುತ್ತವೆ. ಅದೇ ಆಂಪ್ ಮೇಲಿನ ಸ್ವರಗಳನ್ನು ಮಾತ್ರ ಒಡೆದರೆ ಅದು ಕಿವಿಗೆ ಹಿತವಾದ ಕರಕರ. ಟ್ರಾನ್ಸಿಸ್ಟರ್ ಆಂಪ್ ಸ್ವರವನ್ನು ಮೀಟಿದ ಕ್ಷಣದಲ್ಲೇ ಹೊಡೆದು ಕೊಡುತ್ತದೆ. ಆದ್ದರಿಂದ ಆತನ ನಾದದಲ್ಲಿ ಬುಡ ಗಟ್ಟಿ, ತುದಿ ಒರಟು.

ಈಗ ನಿನ್ನ ಗಿಟಾರಿಗೆ ಬರೋಣ. ಸಾಮಾನ್ಯ ಎಸ್‌ಜಿಯಲ್ಲಿ ಎರಡೂ ಪಿಕಪ್‌ಗಳ ವೈರು ಮೂರು ಸ್ಥಾನದ ಸ್ವಿಚ್ಚಿಗೆ ಹೋಗಿ ಅಲ್ಲಿಂದ ಮೋನೋ ಜ್ಯಾಕಿಗೆ ಬರುತ್ತದೆ. ಸ್ವಿಚ್ಚನ್ನು ದಾರಿಯಿಂದ ತೆಗೆ. ನೆಕ್ ಪಿಕಪ್ಪಿನ (ಕತ್ತಿನ ಕಡೆಯದು) ವಾಲ್ಯೂಮ್ ಪಾಟಿನ (ಸದ್ದು ಏರಿಳಿಸುವ ತಿರುಗುಗುಂಡಿ) ನಡುಕಾಲಿನಿಂದ ಹೊಸ ಸ್ಟೀರಿಯೋ ಜ್ಯಾಕಿನ ಟಿಪ್ಪಿಗೆ (ತುದಿ), ಬ್ರಿಡ್ಜ್ ಪಿಕಪ್ಪಿನ (ಮೈಮೇಲೆ ತಂತಿಗಳು ಕೂರುವ ಬ್ರಿಡ್ಜ್ ಕಡೆಯದು) ಪಾಟಿನ ನಡುಕಾಲಿನಿಂದ ರಿಂಗಿಗೆ (ನಡುವಿನ ಉಂಗುರ) ಒಂದೊಂದು ವೈರು ಸೋಲ್ಡರ್ ಮಾಡು. ಗ್ರೌಂಡ್ ಎರಡಕ್ಕೂ ಒಂದೇ, ಸ್ಲೀವಿಗೆ (ಬುಡ). 500 ಕೆ ಪಾಟ್‌ಗಳು ಹಾಗೇ ಇರಲಿ. ಎಸ್‌ಜಿಯ ಮೈ ತೆಳು, ಹಾಗಾಗಿ ಜ್ಯಾಕಿನ ಉದ್ದದ ಲೋಹದ ಎಲೆ ಒಳಗಿನ ಶೀಲ್ಡಿಂಗಿಗೆ ತಾಗುತ್ತದೆಯೋ ನೋಡಿಕೊಂಡು ಮುಚ್ಚಳ ಹಾಕು. ಹಳೆಯ ಜ್ಯಾಕನ್ನು ಎಸೆಯಬೇಡ.

ಕೇಬಲ್ ಸ್ಟೀರಿಯೋ ಆಗಿರಲೇಬೇಕು, ತುದಿಯಲ್ಲಿ ಎರಡು ಮೋನೋ ಪಿನ್ನುಗಳಾಗಿ ಒಡೆಯಬೇಕು: ನೆಕ್ ಪಿಕಪ್ಪಿನದು ಬೇಸ್ ಆಂಪಿಗೆ, ಬ್ರಿಡ್ಜ್ ಪಿಕಪ್ಪಿನದು ವಾಲ್ವ್ ಆಂಪಿಗೆ. ಅಭ್ಯಾಸಬಲದಿಂದ ಮಾಮೂಲಿ ಗಿಟಾರ್ ಕೇಬಲ್ ಚುಚ್ಚಿದರೆ ರಿಂಗು ಗ್ರೌಂಡಿಗೆ ಶಾರ್ಟ್ ಆಗಿ ಬ್ರಿಡ್ಜ್ ಪಿಕಪ್ ಪೂರ್ತಿ ಮೂಕವಾಗುತ್ತದೆ. ಆಗ ಸೋಲ್ಡರ್ ಕೆಟ್ಟಿದೆ ಅಂತ ಬಿಚ್ಚಲು ಹೋಗಬೇಡ, ಮೊದಲು ಕೇಬಲ್ ನೋಡು.

ಮನೆಯ ಕೋಣೆಗೆ 15 ವ್ಯಾಟ್‌ನ ವಾಲ್ವ್ ಆಂಪ್ ಮತ್ತು 15 ಇಂಚಿನ ಸ್ಪೀಕರ್ ಇರುವ 50 ವ್ಯಾಟ್ ಆಸುಪಾಸಿನ ಟ್ರಾನ್ಸಿಸ್ಟರ್ ಬೇಸ್ ಆಂಪ್ ಧಾರಾಳ. ನೆಕ್ ಪಿಕಪ್ ಆರೂ ತಂತಿಗಳನ್ನು ಹಿಡಿಯುತ್ತದೆ ಅನ್ನುವುದು ನೆನಪಿರಲಿ. ಬೇರ್ಪಡಿಸುವ ಕೆಲಸ ಅರ್ಧ ಆಂಪಿನಲ್ಲೇ ಆಗಬೇಕು. ಬೇಸ್ ಆಂಪಿನ ಟ್ರೆಬಲ್ 3ಕ್ಕೆ, ವಾಲ್ವ್ ಆಂಪಿನ ಬೇಸ್ 2ಕ್ಕೆ ಇಳಿಸಿ ಶುರುಮಾಡು. ರಿವರ್ಬ್ ಮೇಲಿನದಕ್ಕೆ ಮಾತ್ರ. ಕೆಳಗಿನದಕ್ಕೂ ಹಾಕಿದರೆ ಎಲ್ಲ ಕೆಸರು.

ಎರಡೂ ಆಂಪ್ ಹಚ್ಚಿ ದಪ್ಪ ತಂತಿಯನ್ನು ಮೀಟು. ಒಂದೇ ಆಂಪ್ ಇದ್ದಾಗಿಗಿಂತ ಸದ್ದು ತೆಳುವಾಗಿದ್ದರೆ ಎರಡೂ ತಿರುವುಮುರುವು ಫೇಸಿನಲ್ಲಿವೆ ಎಂದರ್ಥ, ಅಂದರೆ ಒಂದರ ಸ್ಪೀಕರ್ ಮುಂದೆ ಬಂದಾಗ ಇನ್ನೊಂದರದು ಹಿಂದೆ ಸರಿಯುತ್ತಿದೆ. ಒಳಗೆ ಸಿಗ್ನಲನ್ನು ಹಿಗ್ಗಿಸುವ ಗೇನ್ ಹಂತಗಳ ಸಂಖ್ಯೆ ಬೇರೆಯಾದರೆ ಹೀಗಾಗುತ್ತದೆ. ಎರಡನ್ನೂ ಆರಿಸಿ, ಒಂದು ಕ್ಯಾಬಿನೆಟ್ಟಿನ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಗುಂಯ್ ಅನ್ನುವ ಹಮ್ ಬಂದರೆ ಅದು ಎರಡು ಅರ್ಥಿಂಗ್‌ಗಳ ನಡುವಿನ ಲೂಪ್. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡು. ಆಗಲೂ ಹೋಗದಿದ್ದರೆ ಒಂದು ಆಂಪಿನ ಸಿಗ್ನಲ್ ದಾರಿಯಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕು. ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಯಾವತ್ತೂ ಕೀಳಬೇಡ. ಆ ಆಂಪಿನಲ್ಲಿ ಲೀಕೇಜ್ ಆದರೆ 230 ವೋಲ್ಟ್ ನೇರ ನಿನ್ನ ತಂತಿಗೆ ಬರಬಹುದು.

ಇಷ್ಟಾದರೂ ಆತನ ನಾದ ಅರ್ಧ ಮಾತ್ರ. ಇನ್ನರ್ಧ ಬಲಗೈ. ಹೆಬ್ಬೆರಳಿಗೊಂದು ಪಿಕ್, ಬೆರಳುಗಳಿಗೂ ಪಿಕ್ ಹಾಕಿಕೊಂಡು ನುಡಿಸುತ್ತ ಬಿಗ್ಸ್‌ಬಿಯ ಹಿಡಿಯನ್ನು ಪದೇ ಪದೇ ನಡುಗಿಸುತ್ತಿದ್ದ. ವೀಣೆಯಲ್ಲಿ ಗಮಕಕ್ಕೆ ತಂತಿ ಎಳೆದರೆ ಸ್ವರ ಏರುತ್ತದೆ, ಬಿಟ್ಟರೆ ಮೊದಲಿನ ಜಾಗಕ್ಕೆ ಬರುತ್ತದೆ. ಇಲ್ಲಿ ಸ್ವರ ಮೇಲಕ್ಕೂ ಕೆಳಕ್ಕೂ ತೂಗುತ್ತದೆ, ಆರೂ ತಂತಿ ಒಟ್ಟಿಗೆ. ಹಾಗಾಗಿ ಇಡೀ ಕಾರ್ಡ್ ಕಂಪಿಸುತ್ತದೆ. ಒತ್ತುವುದು ತೋಳಿನಿಂದಲ್ಲ, ಮಣಿಕಟ್ಟಿನಿಂದ, ಸಣ್ಣದಾಗಿ, ವೇಗವಾಗಿ. ಸ್ವರ ಹುಟ್ಟಿದೊಡನೆ ನಡುಗಿಸಬೇಡ, ಅದು ನೆಲೆ ನಿಲ್ಲಲಿ, ಆಮೇಲೆ.

ಶ್ರುತಿ ನಿಲ್ಲುವುದಿಲ್ಲ ಅಂತ ಬಿಗ್ಸ್‌ಬಿಯನ್ನು ಎಲ್ಲರೂ ಬೈಯುತ್ತಾರೆ. ತಪ್ಪು ಹೆಚ್ಚಿನಂಶ ನಟ್ಟಿನದು, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯದು. ಹಿಡಿಯನ್ನು ಒತ್ತಿ ಬಿಟ್ಟಮೇಲೆ ಸ್ವರ ಏರಿ ನಿಂತರೆ, ಎತ್ತಿ ಬಿಟ್ಟಮೇಲೆ ಇಳಿದು ನಿಂತರೆ, ತಂತಿ ನಟ್ಟಿನ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಎಸ್‌ಜಿಯಲ್ಲಿ ಮೂರನೇ ತಂತಿ ಎಲ್ಲಕ್ಕಿಂತ ಹಟಮಾರಿ, ಯಾಕೆಂದರೆ ಅದು ನಟ್ಟಿನಿಂದಾಚೆ ಓರೆಯಾಗಿ ತಿರುಗಿ ಶ್ರುತಿ ಮಾಡುವ ಕೀಲಿಗೆ ಹೋಗುತ್ತದೆ. ಕಚ್ಚನ್ನು ಆಳ ಮಾಡದೆ ಕೂದಲೆಳೆಯಷ್ಟು ಅಗಲ ಮಾಡಿಸು, ಮೆತ್ತನೆಯ ಪೆನ್ಸಿಲಿನ ಪುಡಿ ತುಂಬು. ಕೀಲಿಗೆ ಎರಡು ಮೂರು ಸುತ್ತಿಗಿಂತ ಹೆಚ್ಚು ತಂತಿ ಸುತ್ತಬೇಡ. ತಂತಿ 10ರಿಂದ 46ರ ಸೆಟ್ ಇರಲಿ (ದಪ್ಪ, ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ). ಅದಕ್ಕಿಂತ ತೆಳುವಾದರೆ ಬ್ರಿಡ್ಜ್ ಮೇಲೆ ಒತ್ತಡ ಸಾಲದೆ ಜಾರುತ್ತದೆ. ಇಷ್ಟರ ಮೇಲೂ ಕಾಟ ಕೊಟ್ಟರೆ ತಂತಿಯ ಕೆಳಗೆ ಉರುಳುವ ಗಾಲಿಗಳಿರುವ ರೋಲರ್ ಬ್ರಿಡ್ಜ್ ಹಾಕಿಸು.

ಹಾರ್ನ್ ಕೂಡ ಬೇಕೆಂದು ಹಟ ಹಿಡಿಯುತ್ತೀಯ, ಗೊತ್ತು. 8 ಓಮ್‌ನ ಡ್ರೈವರ್ ಆದರೆ ಅದರ ಸರಣಿಯಲ್ಲಿ 10 ಮೈಕ್ರೋಫ್ಯಾರಡ್‌ನ ಪೋಲಾರಿಟಿ ಇಲ್ಲದ ಕೆಪ್ಯಾಸಿಟರ್ ಹಾಕು. ಸುಮಾರು 2,000 ಹರ್ಟ್ಸ್‌ಗಿಂತ ಕೆಳಗಿನದು ಅಲ್ಲಿಂದ ಕ್ರಮೇಣ ತಗ್ಗುತ್ತದೆ. ಅದಿಲ್ಲದೆ ಜೋಡಿಸಿದರೆ ಮಂದ್ರದ ಹೊಡೆತಕ್ಕೆ ಡ್ರೈವರಿನ ತೆಳು ಹಾಳೆ ಹರಿದು ಹೋಗುತ್ತದೆ.

ಕೇಳಬೇಕಾದ್ದು ಕ್ವಿಕ್‌ಸಿಲ್ವರ್ ತಂಡದ 1969ರ ಆಲ್ಬಂ ‘ಹ್ಯಾಪಿ ಟ್ರೇಲ್ಸ್’. ಮೊದಲ ಬದಿ ಪೂರ್ತಿ ಬೋ ಡಿಡ್ಲಿಯ ‘ಹೂ ಡು ಯು ಲವ್’, 25 ನಿಮಿಷದ ಮೇಲೆ. ಅದರೊಳಗೆ ‘ಹೌ ಯು ಲವ್’ ಅನ್ನುವ ಭಾಗ ಸಿಪೊಲಿನಾನದು. ಅದಕ್ಕೂ ಮೊದಲು ತಂಡದ ಇನ್ನೊಬ್ಬ ಗಿಟಾರ್ ವಾದಕ ಗ್ಯಾರಿ ಡಂಕನ್‌ನ ಭಾಗ ಬರುತ್ತದೆ, ಅದನ್ನೂ ಗಮನವಿಟ್ಟು ಕೇಳು. ಇಬ್ಬರ ಗಿಟಾರನ್ನು ಬೇರೆಬೇರೆಯಾಗಿ ಗುರುತಿಸಲು ಬಂದರೆ ಸಿಪೊಲಿನಾನ ಕಂಪನ ನಿನ್ನ ಕಿವಿಗೆ ಸಿಕ್ಕಿತು. ನ್ಯೂಯಾರ್ಕಿನ ಟೆಲಿವಿಷನ್ ತಂಡದ 1977ರ ‘ಮಾರ್ಕೀ ಮೂನ್’ ಇದಾದ ಮೇಲೆ ಕೇಳು. ಎರಡು ಗಿಟಾರುಗಳು ಒಂದನ್ನೊಂದು ಮುಚ್ಚದೆ ಮಾತಾಡುವ ಆ ರೀತಿಯಲ್ಲಿ ನನಗೆ ಕ್ವಿಕ್‌ಸಿಲ್ವರ್ ಕೇಳಿಸುತ್ತದೆ.

ಮೊದಲು ನಟ್ ಸರಿಮಾಡಿಸು, ಜ್ಯಾಕ್ ಆಮೇಲೆ. ಶ್ರುತಿ ನಿಂತಮೇಲೆ ಕಾಗದ ಬರಿ.

ನಿನ್ನ
ಗೆಳೆಯ