ಗುಂಡಿಗೂ ತೋಟೆಗೂ ವ್ಯತ್ಯಾಸವಿದೆ

ಮಾನ್ಯರೇ,

ಸೈನಿಕರ ಬಂದೂಕುಗಳು ಬೆಳೆದುಬಂದ ಬಗೆಯನ್ನು ಕುರಿತ ನಿಮ್ಮ ಪುರವಣಿಯ ಲೇಖನವನ್ನು ಆಸೆಯಿಂದ ಓದಿದೆ. ಮಸ್ಕೆಟ್ ಎಂಬ ಹಳೆಯ ಬಂದೂಕಿನಿಂದ ಎ.ಕೆ. 47ರವರೆಗೆ ಹೆಸರುಗಳೆಲ್ಲ ಇದ್ದವು, ಚಿತ್ರಗಳೂ ಚೆನ್ನಾಗಿದ್ದವು. ಆದರೆ ಉದ್ದಕ್ಕೂ ‘ಗುಂಡು’ ಎಂಬ ಒಂದೇ ಪದ. ನಳಿಗೆಯಿಂದ ಹಾರುವುದೂ ಗುಂಡು, ಬಂದೂಕಿನ ಮ್ಯಾಗಜಿನ್‌ಗೆ ತುಂಬುವುದೂ ಗುಂಡು. ಅಪರಾಧ ಸುದ್ದಿಗಳಲ್ಲಂತೂ ‘ಜೀವಂತ ಗುಂಡುಗಳು ವಶ’ ಎಂದೇ ಅಚ್ಚಾಗುತ್ತದೆ. ಸೇನೆಯಲ್ಲಿ ವರ್ಷಗಟ್ಟಲೆ ಆಯುಧಗಳ ದುರಸ್ತಿ ಮಾಡಿದ ನನಗೆ ಇದು ಬರಿಯ ಪದದ ತಕರಾರಲ್ಲ. ಗುಂಡು ಎಂದರೆ ಹಾರಿಹೋಗುವ ಲೋಹದ ತುಂಡು, ಅಷ್ಟೇ. ಗುಂಡು, ಮದ್ದು, ಕಿಡಿ ಹೊತ್ತಿಸುವ ಕೇಪು ಮೂರನ್ನೂ ಒಡಲಲ್ಲಿಟ್ಟುಕೊಂಡದ್ದು ತೋಟೆ. ಈ ಮೂರೂ ಒಂದೇ ಕೋಶಕ್ಕೆ ಬಂದು ಸೇರಿದ ಕಥೆಯೇ ಲೇಖನದಲ್ಲಿ ಬಿಟ್ಟುಹೋಗಿದೆ.

ಚಕಮಕಿ ಕಲ್ಲಿನ ಬಂದೂಕಿನ ಕಾಲದಲ್ಲಿ ಸೈನಿಕ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದು ಸುರಿದು, ಗಜ ಎಂಬ ಸಲಾಕೆಯಿಂದ ಗುಂಡನ್ನು ನಳಿಗೆಯೊಳಗೆ ತಳ್ಳಬೇಕಿತ್ತು. ಮಳೆ ಬಂದರೆ ಎಲ್ಲವೂ ವ್ಯರ್ಥ. ಇದನ್ನು ಬದಲಿಸಲು ದಾರಿ ತೋರಿದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಹಕ್ಕಿ ಬೇಟೆಯ ಹುಚ್ಚಿದ್ದ ಆತನಿಗೆ ಒಂದು ಕಿರಿಕಿರಿ: ಬಂದೂಕಿನ ಪಕ್ಕದಲ್ಲಿ ಮದ್ದು ಭಗ್ಗೆಂದ ಕೂಡಲೇ ಹಕ್ಕಿ ಎಚ್ಚೆತ್ತು ಹಾರಿಬಿಡುತ್ತಿತ್ತು, ಗುಂಡು ಹೊರಡುವುದು ಆಮೇಲೆ. ಪೆಟ್ಟು ಬಿದ್ದರೆ ತಾನೇ ಸಿಡಿಯುವ ಫಲ್ಮಿನೇಟ್ ಎಂಬ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ ಆತ 1807ರಲ್ಲಿ ಪೇಟೆಂಟ್ ಪಡೆದ. ಇಂದು ರೈಫಲ್ ತೋಟೆಯ ಬುಡದ ನಡುವೆ ಕಾಣುವ ಪುಟ್ಟ ಬಿಲ್ಲೆ ಅದೇ ಯೋಚನೆಯ ಮುಂದುವರಿಕೆ.

ಇನ್ನು ಹಿತ್ತಾಳೆಯ ಕೋಶ. ಗುರಿ ಅಭ್ಯಾಸ ಮುಗಿದ ಮೇಲೆ ಖಾಲಿ ಕೋಶಗಳನ್ನು ಆಯ್ದು ಎಣಿಸುವಾಗ ಅವು ಅಂಗೈಯಲ್ಲಿ ಇನ್ನೂ ಬೆಚ್ಚಗಿರುತ್ತಿದ್ದವು. ಬುಡದ ಬಿಲ್ಲೆಯ ಮೇಲೆ ಪಿನ್ನು ಬಡಿದ ಚಿಕ್ಕ ಗುಳಿ, ಬಾಯಿಯ ಸುತ್ತ ಮಸಿ. ಮದ್ದು ಸಿಡಿದ ಕ್ಷಣದಲ್ಲಿ ಈ ಕೋಶ ಹಿಗ್ಗಿ ಬಂದೂಕಿನೊಳಗೆ ತೋಟೆ ಕೂರುವ ಕೋಣೆಯ ಗೋಡೆಗೆ ಅಂಟುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಇಷ್ಟು ಸಣ್ಣ ವಸ್ತು ಇಷ್ಟೆಲ್ಲ ಮಾಡುತ್ತದಲ್ಲ ಎಂಬ ಬೆರಗು ನನಗೆ ಇಂದಿಗೂ ಹೋಗಿಲ್ಲ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆರಹಿತ ಮದ್ದು ತಯಾರಿಸಿದ. ಎರಡೇ ವರ್ಷಕ್ಕೆ ಅದನ್ನು ಬಳಸುವ 8 ಮಿಲಿಮೀಟರಿನ ಲೆಬೆಲ್ ರೈಫಲ್ ಬಂತು. ಹೊಗೆಯಷ್ಟೇ ಅಲ್ಲ, ನಳಿಗೆಯೊಳಗೆ ಕಟ್ಟಿಕೊಳ್ಳುತ್ತಿದ್ದ ಕಿಟ್ಟವೂ ಬಹುಮಟ್ಟಿಗೆ ತಪ್ಪಿತು.

ಲೇಖನ ಹೊಗಳಿರುವ ಕಲಾಶ್ನಿಕೋವ್ ರೈಫಲನ್ನೇ, ಅಂದರೆ ಎ.ಕೆ. 47ನ್ನೇ ನೋಡಿ. ಅದರ 7.62 ಮಿಲಿಮೀಟರಿನ ಗಿಡ್ಡ ತೋಟೆಯ ಕೆಲಸ ಆರಂಭವಾದದ್ದು 1943ರಲ್ಲಿ, ಸೋವಿಯತ್ ಸೇನೆ ಆ ರೈಫಲನ್ನು ಒಪ್ಪಿಕೊಂಡದ್ದು 1949ರಲ್ಲಿ. ತೋಟೆ ಮೊದಲು, ಬಂದೂಕು ಆಮೇಲೆ.

ಅಮೆರಿಕ ಸೇನೆಯ ಎಂ-16 ರೈಫಲ್ ಕುರಿತು ‘ವಿಯೆಟ್ನಾಂನಲ್ಲಿ ಕೈಕೊಟ್ಟ ಬಂದೂಕು’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುವುದು ಅನ್ಯಾಯ. ಖಾಲಿ ಕೋಶ ಒಳಗೇ ಕಚ್ಚಿಕೊಂಡು, ಸೈನಿಕರು ಶತ್ರುವಿನ ಎದುರು ನಳಿಗೆಗೆ ಸಲಾಕೆ ತೂರಿಸಿ ಅದನ್ನು ಹೊರತಳ್ಳಬೇಕಾಯಿತು, ನಿಜ. ಆದರೆ ಮೊದಲ ಪರೀಕ್ಷೆಗಳಲ್ಲಿ ಬಳಸಿದ್ದ ಮದ್ದಿನ ಬದಲು ಬೇರೊಂದು ಬಗೆಯ ಮದ್ದನ್ನು ತೋಟೆಗೆ ತುಂಬಲಾಗಿತ್ತು. ಕೋಣೆಗೆ ಕ್ರೋಮಿಯಂ ಲೇಪನವಿರಲಿಲ್ಲ, ಶುಚಿಗೊಳಿಸುವ ಸಾಮಗ್ರಿಯೂ ಸಾಕಷ್ಟು ತಲುಪಿರಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಮದ್ದು ಬದಲಿಸಿದ್ದನ್ನು ಕಟುವಾಗಿ ಟೀಕಿಸಿತು. ಬಂದೂಕು ಹೀಗೆ ಕೈಕೊಟ್ಟದ್ದರಿಂದ ಪ್ರಾಣ ಕಳೆದುಕೊಂಡವರು ಎಳೆಯ ಹುಡುಗರು.

ಲೇಖನದ ಮುಂದಿನ ಕಂತು ಬರುವುದಾದರೆ ಉದ್ದಕ್ಕೆ ಸೀಳಿದ ತೋಟೆಯ ಚಿತ್ರವೊಂದನ್ನು ದಯವಿಟ್ಟು ಹಾಕಿ. ಸುದ್ದಿಗಳಲ್ಲಿ ‘ಜೀವಂತ ಗುಂಡು’ ಎನ್ನುವುದರ ಬದಲು ‘ತೋಟೆ’ ಅಥವಾ ‘ಕಾಡತೂಸು’ ಎಂದು ಬರೆಯಿರಿ. ಎರಡೂ ನಮ್ಮ ಜನ ಬಹುಕಾಲದಿಂದ ಬಳಸುತ್ತಿರುವ ಪದಗಳೇ.

ಇಂತಿ,
ನಿವೃತ್ತ ಸೈನಿಕ, ನಿಮ್ಮ ಓದುಗ