ಪ್ಲೇಆಫ್ ಆರಂಭ: ರಾತ್ರಿ ಒಂಬತ್ತರವರೆಗೆ ಅಂಕ ಬರೆಯಬೇಡಿ

ಗೆಳೆಯರೇ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್, ಅಂದರೆ ಕೊನೆಯ ನಾಕೌಟ್ ಸುತ್ತುಗಳು, ಈ ವಾರಾಂತ್ಯದಿಂದ. ಅಲ್ಲಿನ ಸಂಜೆಯ ಪಂದ್ಯ ನಮಗೆ ಬೆಳಗಿನ ಜಾವ ಬರುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ತಣ್ಣಗೆ ಕುಳಿತು ನೋಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆದರೆ ತೋರಣಗಲ್ಲಿನಲ್ಲಿ ಮೊದಲ ಪಾಳಿ ಇರುವವರು ರಾತ್ರಿಯೇ ನೋಡುವುದು. ಅಲ್ಲಿಯವರೆಗೆ ಫಲಿತಾಂಶ ಹಾಕಬೇಡಿ. ಸ್ಟೇಟಸ್‌ನಲ್ಲೂ ಬೇಡ. ಅಳುವ ಇಮೋಜಿಯೂ ಫಲಿತಾಂಶವೇ.

ನನ್ನ ಒಲವು ಡೆನ್ವರ್ ತಂಡದ ಕಡೆಗೆ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2014ರಲ್ಲಿ, 41ನೆಯವನಾಗಿ ಆಯ್ಕೆಯಾದ ಯೋಕಿಚ್ ಅಲ್ಲಿ ಆಡುವ ತನಕ ಆಸೆ ಬಿಡುವುದಿಲ್ಲ. ಕೆಳ ಶ್ರೇಯಾಂಕದ ತಂಡಗಳನ್ನು ಈಗಲೇ ಮನೆಗೆ ಕಳುಹಿಸುವವರು 2023 ನೆನೆಯಲಿ: ಎಂಟನೇ ಶ್ರೇಯಾಂಕದ ಮಯಾಮಿ ಫೈನಲ್ ತಲುಪಿತ್ತು. ಆದರೂ ಏಳರಲ್ಲಿ ನಾಲ್ಕು ಗೆಲ್ಲಬೇಕಾದ ಸರಣಿಗೆ ಒಂದು ದಿನದ ಅದೃಷ್ಟ ಸಾಲದು. ಬೆಂಚಿನ ಆಟಗಾರರಲ್ಲೂ ಕಸುವಿರಬೇಕು.

ನಿಮ್ಮ ಊಹೆಗಳನ್ನು ಶುಕ್ರವಾರ ರಾತ್ರಿಯೊಳಗೆ ಬರೆಯಿರಿ. ಹಣದ ಬಾಜಿ ಇಲ್ಲ. ಸೋತವರು ಎಲ್ಲರಿಗೂ ಒಗ್ಗರಣೆ, ಮಿರ್ಚಿ ಕೊಡಿಸಬೇಕು.