ಇಪ್ಪತ್ತಮೂರು ನಿಮಿಷದ್ದೂ ಒಂದೇ ಹಾಡು

ಸಂಪಾದಕರಿಗೆ,

ಮಾನ್ಯರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಅಂತರ್ಜಾಲ ರೇಡಿಯೊ ಕುರಿತು ಬಂದ ಲೇಖನವನ್ನು ನನ್ನ ಹೆಂಡತಿ ಕತ್ತರಿಸಿ ತಂದು, "ನಿಮ್ಮ ಹುಚ್ಚಿನ ವಿಷಯ ಪೇಪರಿನಲ್ಲಿ ಬಂದಿದೆ ನೋಡಿ" ಎಂದು ಕೈಗಿಟ್ಟಳು. ಲೇಖನ ಚೆನ್ನಾಗಿದೆ. ಆದರೆ "ಲ್ಯಾಪ್‌ಟಾಪ್, ಮೈಕು ಇದ್ದರೆ ಸಾಕು, ಯಾರ ಅಪ್ಪಣೆಯೂ ಬೇಕಿಲ್ಲ" ಎಂಬ ಅದರ ಮಾತು ಅರ್ಧ ನಿಜ. ಮಿಕ್ಕ ಅರ್ಧದೊಳಗೆ ನಾನು ಆರು ವರ್ಷದಿಂದ ಸಿಕ್ಕಿಕೊಂಡಿದ್ದೇನೆ. ಅದಕ್ಕೇ ಈ ಪತ್ರ.

ನಾನು ದೂರವಾಣಿ ವಿನಿಮಯ ಕೇಂದ್ರದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಪ್ರತಿ ಶನಿವಾರ ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ ಒಂಟಿಕೊಪ್ಪಲಿನ ನಮ್ಮ ಮನೆಯ ಮಹಡಿ ಕೋಣೆಯ ಬಾಗಿಲು ಹಾಕಿಕೊಂಡು ಪ್ರೊಗ್ರೆಸಿವ್ ರಾಕ್ ಕೇಳುವವರಿಗಾಗಿ ಕಾರ್ಯಕ್ರಮ ನಡೆಸುತ್ತೇನೆ. ಕೇಂದ್ರ ನನ್ನದಲ್ಲ. ಅಮೆರಿಕದಲ್ಲಿ ನೋಂದಣಿಯಾದ, ಅಭಿಮಾನಿಗಳೇ ಕೈಯಿಂದ ದುಡ್ಡು ಹಾಕಿ ನಡೆಸುವ ಪುಟ್ಟ ಕೇಂದ್ರ ಅದು. ನಮ್ಮಲ್ಲಿ ಊಟದ ಹೊತ್ತಾದರೆ ಇಂಗ್ಲೆಂಡಿನಲ್ಲಿ ಸಂಜೆಯ ಚಹಾದ ಹೊತ್ತು. ಒಳ್ಳೆಯ ದಿನ ಅರವತ್ತು ಜನ ಕೇಳುತ್ತಾರೆ, ಮಳೆಯ ದಿನ ಹದಿನೇಳು. (ಮಳೆ ಅವರ ಊರಿನದಲ್ಲ, ನಮ್ಮದು. ಕರೆಂಟು ಹೋದರೆ ನನ್ನ ಯುಪಿಎಸ್‌ಗೆ ನಲವತ್ತು ನಿಮಿಷದ ಆಯುಸ್ಸು.)

ಈ ಸಂಗೀತ ಯಾವುದು ಎಂದು ನಿಮ್ಮ ಓದುಗರು ಕೇಳಿಯಾರು. ಮೂರು ನಿಮಿಷದ ಹಾಡು ಸಾಲದು ಎಂದು 1969ರ ಹೊತ್ತಿಗೆ ಇಂಗ್ಲೆಂಡಿನ ಕೆಲವು ಹುಡುಗರಿಗೆ ಅನ್ನಿಸಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಬಂತು. 1972ರಲ್ಲಿ ಯೆಸ್ ತಂಡ ಹದಿನೆಂಟು ನಿಮಿಷಕ್ಕೂ ಮಿಕ್ಕ ಒಂದು ಹಾಡು ಕಟ್ಟಿತು, ಅದೇ ವರ್ಷ ಜೆನೆಸಿಸ್ ಸುಮಾರು ಇಪ್ಪತ್ತಮೂರು ನಿಮಿಷದ್ದನ್ನು ಕಟ್ಟಿತು. ಜೆಥ್ರೊ ಟಲ್ ಅಂತೂ ಆ ವರ್ಷ ಗ್ರಾಮಫೋನ್ ತಟ್ಟೆಯ, ಅಂದರೆ ಎಲ್‌ಪಿಯ ಎರಡೂ ಮಗ್ಗುಲಿಗೆ ಒಂದೇ ಹಾಡನ್ನು ಹಾಸಿಬಿಟ್ಟಿತು. ಪತ್ರಿಕೆಯವರಾದ ನಿಮಗೆ ಈ ಸಂಗತಿ ಇಷ್ಟವಾದೀತು: ಆ ಎಲ್‌ಪಿಯ ಹೊದಿಕೆಯೇ ಹನ್ನೆರಡು ಪುಟದ ಒಂದು ದಿನಪತ್ರಿಕೆ. ಇಲ್ಲದ ಊರಿನ ಸುದ್ದಿ, ಜಾಹೀರಾತು, ಪದಬಂಧ ಎಲ್ಲವೂ ಅದರಲ್ಲಿವೆ. ಹಾಡು ಕೇಳುತ್ತ ಓದಿ ಮುಗಿಸಬಹುದು, ಅಷ್ಟು ಸಮಯ ಸಿಗುತ್ತದೆ.

ಹೆಂಡತಿಗೆ ಇದೆಲ್ಲ ಗದ್ದಲ. ಆದರೆ ಉದ್ದದ ಲೆಕ್ಕ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. "ಆ ಹದಿನೆಂಟು ನಿಮಿಷದ್ದನ್ನು ಹಾಕಿದಾಗ ಹೇಳಿ, ಕುಕ್ಕರ್ ಇಡುತ್ತೇನೆ" ಎನ್ನುತ್ತಾಳೆ. ಹಾಡು ಓಡುವಾಗ ಮೈಕು ಮುಚ್ಚಿರುತ್ತದೆ, ತೊಂದರೆಯಿಲ್ಲ. ಒಮ್ಮೆ ಮಾತ್ರ ನಾನು ಮೈಕು ಮುಚ್ಚಲು ಮರೆತೆ. ಹಾಡಿನ ನಡುವೆ ಆರ್ಗನ್ ಒಂದೇ ಎಳೆ ಹಿಡಿದು ನಿಂತಿದ್ದಾಗ ಕೆಳಗಿನಿಂದ ಮೂರು ಸೀಟಿ. ಸ್ವೀಡನ್ನಿನ ಕೇಳುಗರೊಬ್ಬರು ತಾನು ಇಷ್ಟು ದಿನ ಕೇಳಿರದ ಈ ಧ್ವನಿಮುದ್ರಣ ಯಾವುದೆಂದು ಪತ್ರ ಬರೆದರು. ನಾನು ನಿಜ ಹೇಳಿದೆ. ಅವರಿಗೆ ನಿರಾಸೆಯಾಯಿತು.

ನಾನು ಹೊಸದಾಗಿ ಸೇರಿದಾಗ, ಮೈಸೂರಿನವನಿಗೆ ಇದರಲ್ಲಿ ಏನು ಹೇಳುವುದಿದೆ ಎಂಬ ಅನುಮಾನ ಕೆಲವರಿಗಿತ್ತು. ಬಾಲ್ಯದಲ್ಲಿ ಮೂರು ವರ್ಷ ಮೃದಂಗ ಕಲಿತು ಬಿಟ್ಟದ್ದು ಕೈ ಹಿಡಿಯಿತು. ಪಿಂಕ್ ಫ್ಲಾಯ್ಡ್‌ನ "ಮನಿ" ಏಳು ಎಣಿಕೆಯದು. ಪಶ್ಚಿಮದ ಕೇಳುಗರು ಅದನ್ನು ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ನಾನು "ತಕಿಟ ತಕಧಿಮಿ" ಎಂದು ಹೇಳಿಕೊಟ್ಟು, ಇದಕ್ಕೆ ನಮ್ಮಲ್ಲಿ ಮಿಶ್ರಛಾಪು ಎನ್ನುತ್ತಾರೆ, ಎಣಿಸಬೇಡಿ, ತಟ್ಟಿ ಎಂದೆ. ಗಿಟಾರ್ ಏಕಾಂಗಿಯಾಗಿ ಹೊರಡುವಾಗ ಹಾಡು ನಾಲ್ಕಕ್ಕೆ ಇಳಿಯುವುದನ್ನೂ ತೋರಿಸಿದೆ. ಅಂದಿನಿಂದ ಬ್ರೆಜಿಲ್‌ನ ಒಬ್ಬರು ಪ್ರತಿ ಪತ್ರದ ಕೊನೆಗೆ "ತಕಿಟ" ಎಂದು ಸಹಿ ಹಾಕುತ್ತಾರೆ.

ಇನ್ನು ಅಪ್ಪಣೆಯ ವಿಷಯ. ತರಂಗಾಂತರ ಬಳಸದ ಕಾರಣ ಎಫ್‌ಎಂನವರಂತೆ ಅದನ್ನು ಹರಾಜಿನಲ್ಲಿ ಕೊಳ್ಳಬೇಕಿಲ್ಲ, ಆ ಮಟ್ಟಿಗೆ ನಿಮ್ಮ ಲೇಖನ ಸರಿ. ಆದರೆ ಹಾಡುಗಳಿಗೆ ಒಡೆಯರಿದ್ದಾರೆ. ನಮ್ಮ ಕೇಂದ್ರ ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ ಶಾಸನಬದ್ಧ ಪರವಾನಗಿಯಡಿ ನಡೆಯುತ್ತದೆ, ಅಂದರೆ ಗೊತ್ತಾದ ದರ ಕಟ್ಟಿದರೆ ಪ್ರತಿ ಹಾಡಿಗೂ ಒಡೆಯರನ್ನು ಕೇಳಬೇಕಿಲ್ಲ. ಅದರ ಷರತ್ತು ಹೀಗಿದೆ: ಯಾವುದೇ ಮೂರು ಗಂಟೆಯ ಅವಧಿಯಲ್ಲಿ ಒಂದು ಆಲ್ಬಮ್‌ನಿಂದ ಮೂರಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ, ಒಂದರ ಬೆನ್ನಿಗೆ ಒಂದರಂತೆ ಎರಡೇ. ಒಬ್ಬ ಕಲಾವಿದರದು ಒಟ್ಟು ನಾಲ್ಕು, ಬೆನ್ನಿಗೆ ಬೆನ್ನು ಮೂರೇ. ಹೆಚ್ಚಿಗೆ ಬೇಕಿದ್ದರೆ ಹಾಡಿನ ಒಡೆಯರಿಂದಲೇ ಒಪ್ಪಿಗೆ ತರಬೇಕು. ಹೊಸ ತಂಡಗಳು ಕೇಳಿದ ದಿನವೇ ಕೊಡುತ್ತವೆ, ದೊಡ್ಡ ಕಂಪನಿಗಳಿಂದ ನನಗೆ ಇದುವರೆಗೆ ಉತ್ತರ ಬಂದಿಲ್ಲ.

ಪಿಂಕ್ ಫ್ಲಾಯ್ಡ್‌ನ 1973ರ ಆ ಪ್ರಸಿದ್ಧ ಆಲ್ಬಮ್‌ನಲ್ಲಿ ಹತ್ತು ಹಾಡು. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಎರಡು ಹಾಕಿ ಕಡಿಯಬೇಕು. ಪಲ್ಲವಿ, ಅನುಪಲ್ಲವಿ ಹಾಡಿದವರನ್ನು ಎಬ್ಬಿಸಿ ಚರಣಕ್ಕೆ ಬೇರೆ ವಿದ್ವಾಂಸರನ್ನು ಕೂರಿಸಿದಂತೆ. ಆದರೆ ಜೆನೆಸಿಸ್‌ನ ಇಪ್ಪತ್ತಮೂರು ನಿಮಿಷದ್ದು, ಒಳಗೆ ಏಳು ಭಾಗಗಳಿದ್ದರೂ, ಕಾನೂನಿನ ಕಣ್ಣಿಗೆ ಒಂದೇ ಹಾಡು. ಅದಕ್ಕೆ ಅಡ್ಡಿಯಿಲ್ಲ. ಕಾನೂನು ತಲೆ ಎಣಿಸುತ್ತದೆಯೇ ಹೊರತು ನಿಮಿಷವನ್ನಲ್ಲ. ಮೂರು ಗಂಟೆಯ ಲೆಕ್ಕ ಕೇಂದ್ರದ್ದು, ನನ್ನೊಬ್ಬನದಲ್ಲ. ನನಗಿಂತ ಮೊದಲಿನ ಪಾಳಿ ಹಾಲೆಂಡಿನ ನಿವೃತ್ತ ಶಾಲಾ ಮೇಷ್ಟರದು. ಅವರು ಜೆನೆಸಿಸ್‌ನ ಮೂರು ಹಾಕಿ ಎದ್ದರೆ ನನ್ನ ಪಾಲಿಗೆ ಒಂದೇ ಉಳಿಯುತ್ತದೆ. ಹೀಗಾಗಿ ಪ್ರತಿ ಶನಿವಾರ ಒಂಬತ್ತಕ್ಕೆ ಅವರ ಪಟ್ಟಿಯನ್ನು ತರಿಸಿಕೊಂಡು ನನ್ನ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾಳೆ ನೋಡುತ್ತೇನೆ. ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಬರೆದುಕೊಳ್ಳುತ್ತಿದ್ದ ಅಭ್ಯಾಸ ವ್ಯರ್ಥವಾಗಲಿಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅಮೆರಿಕದ ವಾಣಿಜ್ಯ ಅಂತರ್ಜಾಲ ಕೇಂದ್ರಗಳು ಒಬ್ಬ ಕೇಳುಗ, ಒಂದು ಹಾಡು, ಒಂದು ಎಣಿಕೆ ಎಂದು ಗೌರವಧನ ಕಟ್ಟುತ್ತವೆ. ಈ ಲೆಕ್ಕದಲ್ಲಿ ಎರಡು ಗಂಟೆಯಲ್ಲಿ ಒಂಬತ್ತು ಹಾಡು ಹಾಕುವ ನನ್ನಂಥವನು ಅಗ್ಗ, ಮೂವತ್ತು ಹಾಕುವವನು ದುಬಾರಿ. ಇಪ್ಪತ್ತಮೂರು ನಿಮಿಷ ದುಡಿದವನಿಗೂ ಮೂರು ನಿಮಿಷ ದುಡಿದವನಿಗೂ ಒಂದೇ ಕೂಲಿ. ಈ ಅನ್ಯಾಯದ ಲಾಭ ನನ್ನಂಥವನಿಗೇ ಆಗುತ್ತಿದ್ದರೂ ಅದು ಅನ್ಯಾಯವೇ.

ನಮ್ಮ ದೇಶದಲ್ಲಿ ಈ ಬಾಗಿಲೂ ಇಲ್ಲ. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ 31ಡಿ ಎಂಬ ಕಲಮು ಸೇರಿತು. ಪ್ರಸಾರಕರು ನಿಗದಿಯಾದ ದರ ಕಟ್ಟಿದರೆ ಸಾಕು, ಪ್ರತಿ ಹಾಡಿಗೂ ಅದರ ಒಡೆಯರ ಒಪ್ಪಿಗೆ ಕೇಳಬೇಕಿಲ್ಲ. ಆದರೆ ಇದು ರೇಡಿಯೊ, ಟಿ.ವಿ.ಗೆ ಮಾತ್ರ, ಅಂತರ್ಜಾಲಕ್ಕೆ ಅನ್ವಯಿಸದು ಎಂದು 2019ರಲ್ಲಿ ಬಾಂಬೆ ಹೈಕೋರ್ಟ್ ತೀರ್ಪು ಕೊಟ್ಟಿತು. ಆ ದಾವೆ ಹಾಡುಗಳನ್ನು ಇಳಿಸಿಕೊಳ್ಳಲು ಕೊಡುತ್ತಿದ್ದ ದೊಡ್ಡ ಆ್ಯಪ್ ಒಂದರ ವಿರುದ್ಧದ್ದು. ಅಂಥವರಿಗೆ ವಕೀಲರಿರುತ್ತಾರೆ, ಕಂಪನಿಗಳ ಜೊತೆ ಕುಳಿತು ದರ ಮಾತಾಡಿಕೊಳ್ಳುತ್ತಾರೆ. ಹದಿನೇಳು ಕೇಳುಗರ ನಾನು ಯಾರ ಜೊತೆ ಕೂರಲಿ? ಎಷ್ಟು ಕೇಳುಗರು, ಎಷ್ಟು ನಿಮಿಷ ಎಂಬ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಕಟ್ಟುವ ಸಣ್ಣ ದರವೊಂದನ್ನು ಸರ್ಕಾರ ಗೊತ್ತುಮಾಡಿದರೆ ನಾನು ಮೊದಲ ದಿನವೇ ಸಾಲಿನಲ್ಲಿ ನಿಲ್ಲುತ್ತೇನೆ. ಅಮೆರಿಕದಲ್ಲೂ ಸಣ್ಣವರಿಗಿದ್ದ ರಿಯಾಯಿತಿ ದರ 2015ರ ಕೊನೆಗೆ ಮುಗಿದಾಗ ಎಷ್ಟೋ ಕೇಂದ್ರಗಳು ಬಾಗಿಲು ಹಾಕಿದವು.

ಈ ಊರಿನವರು ಮನೆಯಿಂದಲೇ ಪ್ರಸಾರ ಮಾಡಲು ಇಂಥ ಅನುಕೂಲ ಬೇಡುವುದರಲ್ಲಿ ವಿಚಿತ್ರವೇನಿಲ್ಲ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅದಕ್ಕೆ ಇಟ್ಟ ಆಕಾಶವಾಣಿ ಎಂಬ ಹೆಸರೇ ಮುಂದೆ ದೇಶದ ರೇಡಿಯೊಗೆ ಬಂತು. ನನಗೆ ಅಷ್ಟು ದೊಡ್ಡ ಆಸೆಯಿಲ್ಲ.

ಅಂದ ಹಾಗೆ, ವೇಲ್ಸ್‌ನಲ್ಲಿ 1997ರಲ್ಲಿ ಹುಟ್ಟಿದ ಒಂದು ಪ್ರೊಗ್ರೆಸಿವ್ ರಾಕ್ ತಂಡದ ಹೆಸರು "ಕರ್ನಾಟಕ". ನವೆಂಬರ್ ಒಂದರ ಆಸುಪಾಸಿನ ಶನಿವಾರ ಅವರ ಹಾಡು ಹಾಕಿ, ಇದು ಆರು ಕೋಟಿಗೂ ಮಿಕ್ಕ ಜನರ ರಾಜ್ಯದ ಹೆಸರು, ಆ ರಾಜ್ಯದಲ್ಲೇ ಕುಳಿತು ನಾನು ಮಾತಾಡುತ್ತಿದ್ದೇನೆ ಎಂದು ಹೇಳುತ್ತೇನೆ. ಹಾಲೆಂಡಿನ ಮೇಷ್ಟರು ಇಷ್ಟು ಕಾಲ ನಮ್ಮ ರಾಜ್ಯಕ್ಕೆ ಆ ತಂಡದ ಹೆಸರಿಟ್ಟಿದ್ದಾರೆ ಎಂದುಕೊಂಡಿದ್ದರಂತೆ.

ಮುಂದಿನ ಶನಿವಾರ ಯಾವ ಹಾಡು ಹಾಕುತ್ತೇನೆಂದು ಇಲ್ಲಿ ಬರೆಯುವಂತಿಲ್ಲ. ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಬಾರದೆಂದೂ ಅಮೆರಿಕದ ಅದೇ ಕಾನೂನಿನಲ್ಲಿದೆ. ಹತ್ತು ಗಂಟೆಗೆ ಅನ್ನಕ್ಕಿಡಬಹುದು ಎಂದು ಮನೆಯಲ್ಲಿ ಮಾತ್ರ ತಿಳಿಸಿದ್ದೇನೆ.

— ನಿವೃತ್ತ ದೂರವಾಣಿ ನೌಕರ, ಒಂಟಿಕೊಪ್ಪಲು, ಮೈಸೂರು